ಕೆಂಚ ಮರಳಿಗೆ ಯಾಕೆ ಹೋಗಲಿಲ್ಲ

ನಾನು ಬರೆದ ಸುದ್ದಿಗಳ ಮೇಲೆ ಇಷ್ಟು ವರ್ಷದಲ್ಲಿ ಅನೇಕರು ಕಾರಿಕೊಂಡಿದ್ದಾರೆ. ಒಬ್ಬ ಗ್ರಾಮ ಪಂಚಾಯ್ತಿ ಸದಸ್ಯರು ಪೇಪರನ್ನು ನನ್ನ ಮುಂದೆಯೇ ಹರಿದು ಹಾಕಿದ್ದರು. ಆದರೆ ಅದರ ಮೇಲೆ ಕೂತು ಉಚ್ಚೆ ಹೊಯ್ದಿದ್ದು ಮಾತ್ರ ನಮ್ಮ ಕೆಂಚ ಒಬ್ಬನೇ.

ಕೆಂಚ ಅಂದರೆ ನಮ್ಮಮ್ಮ ಸಾಕಿದ ಬೆಕ್ಕು. ಕೆಂಪು ಬಣ್ಣದ ಗಂಡು. ನಾನು ಸ್ಟ್ರಿಂಗರ್. ಸಂಬಳ ಅಂತ ಇಲ್ಲ, ಪ್ರಕಟವಾದ ಸುದ್ದಿಯನ್ನು ಕತ್ತರಿಸಿ, ಹಾಳೆಗೆ ಅಂಟಿಸಿ, ಅಳತೆ ಬರೆದು ತಿಂಗಳ ಕೊನೆಗೆ ಕಳಿಸಿದರೆ ದುಡ್ಡು ಬರುತ್ತದೆ. ಹಾಗೆ ಕತ್ತರಿಸಿಟ್ಟ ಒಂದು ತಿಂಗಳ ಕಟ್ಟನ್ನು ಕೆಂಚ ಒಂದೇ ಸಲಕ್ಕೆ ಮುಗಿಸಿಬಿಟ್ಟ. ಬಿಸಿಲಿಗೆ ಒಣಗಿಸಿದೆ, ಇಸ್ತ್ರಿ ಹಾಕಿದೆ. ಇಸ್ತ್ರಿ ಬಿಸಿಗೆ ಎದ್ದ ವಾಸನೆಗೆ ನನ್ನ ಹೆಂಡತಿ ಅಡುಗೆಮನೆಯಿಂದ ಈಚೆಗೆ ಓಡಿಬಂದಳು. ಆ ತಿಂಗಳ ಕಟಿಂಗುಗಳನ್ನು ಕವರಿಗೆ ಹಾಕಿ ಕಳಿಸುವ ಧೈರ್ಯ ನನಗೆ ಬರಲಿಲ್ಲ.

ಇದನ್ನು ಓದುವ ಹಳ್ಳಿಯವರಿಗೆ ನಗು ಬರಬಹುದು. ಬೆಕ್ಕಿಗೆ ಕಕ್ಕಸು ಕಲಿಸುವುದು ಅಂತ ಒಂದು ವಿಷಯವೇ? ಹಿತ್ತಿಲು ಇದ್ದರೆ ಆಯ್ತು. ನಮ್ಮಮ್ಮನಿಗೂ ಹದಿನೈದಿಪ್ಪತ್ತು ಬೆಕ್ಕು ಸಾಕಿದ ಮೇಲೂ ಇದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಬೆಕ್ಕು ತನ್ನ ಪಾಡಿಗೆ ತೆಂಗಿನ ಪಾತಿಗೆ ಹೋಗುತ್ತಿತ್ತು, ಕೆದರುತ್ತಿತ್ತು, ಮುಚ್ಚುತ್ತಿತ್ತು, ಮೂಸಿ ನೋಡಿ ಬರುತ್ತಿತ್ತು. ಇಟ್ಟಿಗೆ ಸಿಮೆಂಟಿನ ಮೊದಲ ಮಹಡಿಗೆ ತಂದಾಗಲೇ ಇದು ವಿಷಯ ಆಗುವುದು. ಈಗ ಊರಿನಿಂದ ಅಪ್ಪ ಅಮ್ಮನನ್ನು ಪೇಟೆಗೆ ಕರೆದುಕೊಂಡು ಬರುವವರು ನಮ್ಮ ಜಿಲ್ಲೆಯಲ್ಲಿ ನಾನೊಬ್ಬನೇ ಅಲ್ಲ, ಅವರ ಹಿಂದೆ ಒಂದು ಬೆಕ್ಕೋ ನಾಯಿಯೋ ಬಂದೇ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ತೀರಿಕೊಂಡಿದ್ದು ದೀಪಾವಳಿ ಕಳೆದು ಎರಡು ವಾರಕ್ಕೆ. ತಿಪಟೂರು ಕಡೆಯ ನಮ್ಮೂರಿನಲ್ಲಿ ಅಪ್ಪ ಒಬ್ಬರೇ ಉಳಿದರು. ಒಂದಷ್ಟು ತೆಂಗು, ಸೋರುವ ಹೆಂಚಿನ ಮನೆ. ಯುಗಾದಿವರೆಗೆ ತಾನೇ ಬೇಯಿಸಿಕೊಂಡು ಹೆಂಗೋ ಇದ್ದರು. ಯುಗಾದಿಗೆ ಹೋದಾಗ ನೋಡಿದರೆ ಸೊಂಟದ ಉಡಿದಾರ ಜಾರುವಷ್ಟು ಸೊರಗಿದ್ದಾರೆ. "ತುಮಕೂರಿಗೆ ಬಂದ್ಬಿಡಪ್ಪ" ಅಂದೆ. ಬರಲ್ಲ ಅಂತಾರೆ ಅಂದುಕೊಂಡಿದ್ದೆ. "ಕೆಂಚನ್ನೂ ಕರ್ಕಂಡ್ ಹೋಗದಾದ್ರೆ ಬತ್ತೀನಿ" ಅಂದರು. "ನಿಮ್ಮವ್ವ ಸಾಯೋ ಹಿಂದ್ಲ ದಿನಾನೂ ಅದಕ್ಕೆ ಹಾಲು ಬಿಟ್ರಾ ಅಂತ ಕೇಳಿದ್ಲು ಕಣ್ಲಾ."

ಗೋಣಿಚೀಲದಲ್ಲಿ ಹಾಕಿ, ಬಾಯಿ ಕಟ್ಟಿ, ತೊಡೆ ಮೇಲೆ ಇಟ್ಟುಕೊಂಡು ಎರಡು ಗಂಟೆ ಬಸ್ಸಿನಲ್ಲಿ ತಂದೆವು. ನಮ್ಮ ಕಡೆ ಬೆಕ್ಕನ್ನು ಗೋಣಿಚೀಲಕ್ಕೆ ಹಾಕುವುದು ಅಂದರೆ ಹಳ್ಳದಾಚೆ ಬಿಟ್ಟು ಬರುವುದಕ್ಕೆ. ದಾರಿ ಗೊತ್ತಾಗಬಾರದು ಅಂತ. ಚೀಲದೊಳಗೆ ಕೆಂಚ ಏನೆಂದುಕೊಂಡಿದ್ದನೋ. ತುಮಕೂರು ಬರುವವರೆಗೂ ಕೂಗಿದ, ಆಮೇಲೆ ಮೂರು ದಿನ ಮಂಚದ ಕೆಳಗಿಂದ ಈಚೆಗೆ ಬರಲಿಲ್ಲ.

ನಾನು ತಯಾರಿ ಮಾಡಿಕೊಂಡಿರಲಿಲ್ಲ ಅಂತಲ್ಲ. ಬಟ್ಟೆ ನೆನೆಹಾಕುವ ಒಂದು ಪ್ಲಾಸ್ಟಿಕ್ ಟಬ್ಬಿಗೆ, ಪಕ್ಕದ ಸೈಟಿನಲ್ಲಿ ಕಟ್ಟುತ್ತಿದ್ದ ಮನೆಯ ಮೇಸ್ತ್ರಿಯನ್ನು ಕೇಳಿ ಮರಳು ತುಂಬಿಸಿಟ್ಟಿದ್ದೆ. ಹೊಳೆ ಮರಳು ಈಗ ಎಲ್ಲಿದೆ, ಎಂ-ಸ್ಯಾಂಡು. ಅಕ್ರಮ ಮರಳಿನ ಬಗ್ಗೆ ನಾನೇ ಎಷ್ಟು ಸುದ್ದಿ ಬರೆದಿದ್ದೇನೆ, ಒಂದು ಬಕೆಟ್ ಹೊಳೆ ಮರಳಿಗೆ ಯಾರ ಹತ್ತಿರ ಕೇಳಲಿ? ಟಬ್ಬನ್ನು ಬಚ್ಚಲಮನೆಯ ಮೂಲೆಯಲ್ಲಿ, ವಾಷಿಂಗ್ ಮಷಿನ್ ಪಕ್ಕ ಇಟ್ಟೆ. ಕೆಂಚ ನಾಲ್ಕನೇ ದಿನ ಅದರ ಹತ್ತಿರ ಹೋಗಿ ಅಂಚಿನ ಮೇಲೆ ಎರಡು ಕಾಲಿಟ್ಟು ಒಳಗೆ ನೋಡಿದ. ಒಂದೆರಡು ಸಲ ಒಳಗೂ ಹೋದ. ಆಮೇಲೆ ಶುರುವಾಯ್ತು. ಮೊದಲು ನನ್ನ ಪೇಪರ್ ಕಟ್ಟು, ಎರಡು ದಿನ ಬಿಟ್ಟು ಒಗೆಯುವ ಬಟ್ಟೆ ಬುಟ್ಟಿ, ಆಮೇಲೆ ಊರಿಂದ ತಂದಿದ್ದ ಕೊಬ್ಬರಿ ಚೀಲ. ಕೊಬ್ಬರಿ ಹೋದದ್ದಕ್ಕೆ ಅಪ್ಪ ಒಂದು ಇಡೀ ದಿನ ಮಾತಾಡಲಿಲ್ಲ.

ಆಮೇಲೆ ಅಪ್ಪನ ಹಾಸಿಗೆ.

ಬೆಳಿಗ್ಗೆ ಎದ್ದಾಗ ಅಪ್ಪನ ಹಾಸಿಗೆಯ ಒಂದು ಕಡೆ ಒದ್ದೆ. ಅಪ್ಪ ಕಂಬಳಿ ಮಡಿಸುತ್ತಾ, "ಕೆಂಚ ಮಾಡವ್ನೆ" ಅಂದರು. ನನಗೆ ಅವತ್ತು ಎಂಟು ಗಂಟೆಗೆ ಒಂದು ಪ್ರತಿಭಟನೆಗೆ ಹೋಗಬೇಕಿತ್ತು. ಸಿಟ್ಟು ನೆತ್ತಿಗೇರಿತು. ಚಿಕ್ಕಂದಿನಲ್ಲಿ ಊರಲ್ಲಿ ನೋಡಿದ್ದೆ, ಮರಿ ಒಳಗೆ ಗಲೀಜು ಮಾಡಿದರೆ ಕತ್ತು ಹಿಡಿದು ಅದರ ಮೂಗನ್ನು ಅದಕ್ಕೇ ಉಜ್ಜುತ್ತಿದ್ದರು. ನಾನೂ ಅದನ್ನೇ ಮಾಡಿದೆ. ಮಂಚದ ಕೆಳಗಿಂದ ಎಳೆದು, ಒದ್ದೆ ಹಾಸಿಗೆಗೆ ಕೆಂಚನ ಮುಖ ಒತ್ತಿ, ಮೇಲೆ ಒಂದೇಟು ಕೊಟ್ಟೆ. ಅವನು ನನ್ನ ಮುಂಗೈ ಸಿಗಿದು ಓಡಿದ. ಅಪ್ಪ ನೋಡುತ್ತಾ ನಿಂತಿದ್ದರು. ಬಿಡ್ಲಾ ಅನ್ನಲಿಲ್ಲ. ಸಾಮಾನ್ಯವಾಗಿ ಅಂತಾರೆ.

ಸಂಜೆ ಹಾಸಿಗೆ ಮಹಡಿಯಿಂದ ಕೆಳಗಿಳಿಸುವಾಗ ನನ್ನ ಹೆಂಡತಿ, "ರೀ, ಇದು ಬಟ್ಟೆ ಬುಟ್ಟೀಲಿ ಬಂದ ವಾಸನೆ ಅಲ್ಲ ಕಣ್ರೀ" ಅಂದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡಿಪ್ಲೊಮಾ ಓದುವಾಗ ನಮ್ಮ ಮೇಷ್ಟ್ರು ಮೊದಲ ವಾರವೇ ಹೇಳಿದ್ದರು, ಎರಡೂ ಕಡೆಯವರನ್ನು ಕೇಳದೆ ಬರೆಯಬೇಡಿ ಅಂತ.

ಬೆಕ್ಕಿನ ಉಚ್ಚೆ ವಾಸನೆ ಹೋಗದೇ ಇರುವುದಕ್ಕೆ ಕಾರಣ ಇದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ಯೂರಿಕ್ ಆಮ್ಲದ ಅಂಶ ಇರುತ್ತದೆ. ಸೋಪು ನೀರಿನಲ್ಲಿ ಅದು ಸರಿಯಾಗಿ ಕರಗುವುದಿಲ್ಲ, ಹರಳಾಗಿ ಬಟ್ಟೆಯೊಳಗೆ ಉಳಿದುಬಿಡುತ್ತದೆ. ಒಣಗಿದಾಗ ವಾಸನೆ ಹೋಯ್ತು ಅನ್ನಿಸುತ್ತದೆ, ಮೋಡ ಮುಸುಕಿ ಸ್ವಲ್ಪ ತೇವವಾದರೆ ಮತ್ತೆ ಏಳುತ್ತದೆ. ನಮ್ಮ ಮೂಗಿಗೆ ಗೊತ್ತಾಗದಷ್ಟು ಉಳಿದರೂ ಬೆಕ್ಕಿನ ಮೂಗಿಗೆ ಸಾಕು. ಇಲ್ಲೇ ನನ್ನ ಜಾಗ ಅಂತ ಮತ್ತೆ ಅಲ್ಲಿಗೇ ಬರುತ್ತದೆ. ನಾವು ಮಾಡಿದ್ದೇನು? ಫಿನಾಯಿಲ್ ಸುರಿದೆವು. ನೆಲಕ್ಕೆ, ಬುಟ್ಟಿಗೆ, ಕೊನೆಗೆ ಮರಳಿನ ಟಬ್ಬಿಗೂ. ಫಿನಾಯಿಲ್‌ನಂಥವುಗಳಲ್ಲಿರುವ ಫಿನಾಲ್ ಅನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಇಲ್ಲ. ಪಾದಕ್ಕೆ ಹತ್ತಿ, ಅದನ್ನು ನೆಕ್ಕಿ, ಹೊಟ್ಟೆಗೆ ಹೋದರೆ ಅದು ವಿಷ. ಅಂದರೆ ನಾನು ಅವನ ಕಕ್ಕಸಿಗೇ ವಿಷ ಬಳಿದು, ಯಾಕೋ ಹೋಗಲ್ಲ ಅಂತ ಬೈಯುತ್ತಿದ್ದೆ. ಬ್ಲೀಚಿಂಗ್ ಪೌಡರ್ ಕೂಡ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿದರೆ ಅದರಿಂದ ಏಳುವ ಗಾಳಿ ನಮ್ಮ ಎದೆಗೇ ಕೆಟ್ಟದ್ದು.

ಕೆಳಗಿನ ಮನೆಯಲ್ಲಿ ಓನರ್ ಅಮ್ಮ. ಒಳ್ಳೆಯವರೇ. ಆದರೆ ಮೆಟ್ಟಿಲಿಗೆಲ್ಲ ವಾಸನೆ ಇಳಿಯತೊಡಗಿದಾಗ ಒಂದಿನ ನನ್ನ ಬೈಕ್ ಮುಂದೆ ನಿಂತರು. "ನೋಡಿ ರಿಪೋರ್ಟ್ರೇ, ನಿಮ್ಮ ತಂದೆಯೋರು ಇರ್ಲಿ, ಹಿರಿಯರು. ಬೆಕ್ಕು ಮಾತ್ರ ಈ ತಿಂಗಳು ಮುಗಿಯೋ ಹೊತ್ತಿಗೆ ಎಲ್ಲಾದ್ರೂ ಬಿಡಿ. ಇಲ್ಲಾಂದ್ರೆ ಬೇರೆ ಮನೆ ನೋಡ್ಕಳಿ." ನನ್ನ ಆದಾಯಕ್ಕೆ, ಆ ಬಾಡಿಗೆಗೆ, ಆ ಅಡ್ವಾನ್ಸಿಗೆ ಇನ್ನೊಂದು ಮನೆ ಸಿಗುವುದು ಸುಳ್ಳು. ರಾತ್ರಿ ಅಪ್ಪನಿಗೆ ಹೇಳಿದೆ. ಅಪ್ಪ ತಟ್ಟೆಯಲ್ಲಿದ್ದ ಮುದ್ದೆ ಮುರಿಯುತ್ತಾ, "ಹಂಗಾದ್ರೆ ನಾವಿಬ್ರೂ ಊರಿಗೆ ಹೋಯ್ತೀವಿ ಬಿಡು" ಅಂದರು. ಕೋಪದಿಂದ ಹೇಳಿದ್ದಲ್ಲ. ಲೆಕ್ಕ ಮಾಡಿ ಹೇಳಿದ ಹಾಗಿತ್ತು.

ಅಂಗಡಿಯ ಲಿಟರ್ ತರಿಸಿ ನೋಡೋಣ ಅಂತ ಗೆಳೆಯನೊಬ್ಬ ಹೇಳಿದ. ಮೊಬೈಲಿನಲ್ಲಿ ಆರ್ಡರ್ ಮಾಡಿದೆ. ಬೂದಿಬಣ್ಣದ ಸಣ್ಣ ಕಾಳು, ಒದ್ದೆಯಾದರೆ ಉಂಡೆ ಕಟ್ಟುವ ಬೆಂಟೊನೈಟ್ ಜೇಡಿ. ಇದರ ಕಥೆ ಓದಿ ನಗು ಬಂತು. 1947ರವರೆಗೂ ಅಮೆರಿಕದವರೂ ನಮ್ಮ ಹಾಗೇ ಮರಳು, ಬೂದಿಯನ್ನೇ ಇಡುತ್ತಿದ್ದರಂತೆ. ಆ ವರ್ಷ ಚಳಿಗಾಲದಲ್ಲಿ ಮಿಷಿಗನ್ ಕಡೆಯ ಒಬ್ಬ ಹೆಣ್ಣುಮಗಳ ಮನೆಯ ಮರಳ ರಾಶಿ ಹೆಪ್ಪುಗಟ್ಟಿತು. ಪಕ್ಕದಲ್ಲಿದ್ದ ಎಡ್ವರ್ಡ್ ಲೋ ಎಂಬಾತ, ಚೆಲ್ಲಿದ ಎಣ್ಣೆ ಹೀರಲು ಕಾರ್ಖಾನೆಗಳಿಗೆ ಮಾರುತ್ತಿದ್ದ ಜೇಡಿಮಣ್ಣನ್ನು ಆಕೆಗೆ ಕೊಟ್ಟ. ಬೆಕ್ಕಿಗೆ ಅದು ಹಿಡಿಸಿತು. ಅಲ್ಲಿಂದ ಇಡೀ ವ್ಯಾಪಾರ. ಮಣ್ಣನ್ನು ಚೀಲಕ್ಕೆ ತುಂಬಿ ಮಾರಿದ ಮೊದಲಿಗ ಅನ್ನಿ. ನಾನು ತರಿಸಿದ್ದರಲ್ಲಿ ಹೂವಿನ ಸೆಂಟು ಬೇರೆ ಹಾಕಿದ್ದರು. ಕೆಂಚ ಮೂಸಿ, ಸೀನಿ, ಹೋದ. ನಾನೂರು ಚಿಲ್ಲರೆ ರೂಪಾಯಿ ಹೋಯ್ತು. ಸೆಂಟು ಹಾಕುವುದು ಕೊಳ್ಳುವವರ ಮೂಗಿಗೆ, ಬಳಸುವವರ ಮೂಗಿಗಲ್ಲ.

ಹೀಗೆ ಒಂದೂವರೆ ತಿಂಗಳು ಕಳೆಯಿತು. ಮೇ ತಿಂಗಳ ಒಂದು ರಾತ್ರಿ ಕೆಂಚ ತಾನಾಗಿ ಟಬ್ಬಿಗೆ ಹೋದ. ನನ್ನ ಹೆಂಡತಿ ಮೊದಲು ನೋಡಿದ್ದು, "ನೋಡ್ರೀ ನೋಡ್ರೀ, ಹೋದ!" ಅಂತ ಕೂಗಿದಳು. ಮೂವರೂ ಬಚ್ಚಲಮನೆ ಬಾಗಿಲಲ್ಲಿ ನಿಂತೆವು. ಕೆಂಚ ಕೂತ. ಎದ್ದ. ಎರಡು ಹೆಜ್ಜೆ ಹೋಗಿ ಮತ್ತೆ ಬಂದು ಕೂತ. ಬೆನ್ನು ಗೂನು ಮಾಡಿ ಮುಕ್ಕಿದ. ಏನೂ ಬರಲಿಲ್ಲ. ಟಬ್ಬಿನಿಂದ ಇಳಿದು ನೆಲದ ಮೇಲೆ ಕೂತ, ಅಲ್ಲಿ ಒಂದು ಹನಿ, ನಸುಗೆಂಪು. ಆಮೇಲೆ ಹೊಟ್ಟೆಯೊಳಗಿಂದ ಬರುವ ಒಂಥರಾ ಕೂಗು ಕೂಗಿದ. ಆ ಕೂಗು ನಾನು ಅದುವರೆಗೆ ಕೇಳಿರಲಿಲ್ಲ.

"ಮಲಬದ್ಧತೆ ಆಗಿರ್ಬೇಕು, ಅಳ್ಳೆಣ್ಣೆ ಕುಡಿಸಾನ" ಅಂದರು ಅಪ್ಪ. ನನಗೂ ಹಾಗೇ ಅನ್ನಿಸಿತು. ಮುಕ್ಕುವುದನ್ನು ನೋಡಿದವರು ಹೆಚ್ಚಿನವರು ಹಾಗೇ ಅಂದುಕೊಳ್ಳುತ್ತಾರೆ. ಬೀದಿ ತುದಿಯ ಮೆಡಿಕಲ್ ಸ್ಟೋರಿನವರು ಬಾಗಿಲು ಹಾಕುತ್ತಿದ್ದರು, ಕೇಳಿದರೆ "ನೋವಿದ್ರೆ ಅರ್ಧ ಪ್ಯಾರಾಸಿಟಮಾಲ್ ಕೊಟ್ನೋಡಿ ಸಾರ್" ಅಂದರು. ತಂದೂ ಇಟ್ಟುಕೊಂಡೆ. ಕೆಂಚ ಬಾಯಿ ಬಿಡಲಿಲ್ಲ, ಕೊಡಲಿಲ್ಲ, ಅಷ್ಟೇ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆಯೂ ಪ್ರಾಣ ತೆಗೆಯಬಹುದು. ಇದನ್ನು ಮರುದಿನ ಡಾಕ್ಟರು ಹೇಳಿದಾಗ ಜೇಬಿನಲ್ಲಿದ್ದ ಮಾತ್ರೆ ಮುಟ್ಟಿ ನೋಡಿಕೊಂಡೆ.

ರಾತ್ರಿಯಿಡೀ ಅಪ್ಪ ಮಲಗಲಿಲ್ಲ. ಕೆಂಚ ಟಬ್ಬಿಗೆ ಹೋಗುವುದು, ಅಪ್ಪ ಹಿಂದೆಯೇ ಹೋಗುವುದು. ಬೆಳಕು ಹರಿಯುವಷ್ಟರಲ್ಲಿ ಕೆಂಚ ಕೂಗುವುದನ್ನೂ ನಿಲ್ಲಿಸಿ ಮೂಲೆಯಲ್ಲಿ ಮುದುಡಿಕೊಂಡಿದ್ದ. ಹಾಲಿನ ಬಟ್ಟಲು ಹಾಗೇ ಇತ್ತು. ಈ ಸಲ ಗೋಣಿಚೀಲ ಬೇಡ ಅಂತ ತರಕಾರಿ ಕ್ರೇಟಿನಲ್ಲಿ ಅಮ್ಮನ ಹಳೇ ಸೀರೆ ಹಾಸಿ, ಮೇಲೆ ಟವೆಲ್ ಕಟ್ಟಿ, ಅಪ್ಪ ತೊಡೆ ಮೇಲಿಟ್ಟುಕೊಂಡು ಆಟೋ ಹತ್ತಿದರು.

ಪಶು ಆಸ್ಪತ್ರೆಯಲ್ಲಿ ನಮ್ಮ ಮುಂದೆ ಎರಡು ಕುರಿ, ಒಂದು ಕೆಚ್ಚಲು ಬಾವಿನ ಹಸು. ಡಾಕ್ಟರಮ್ಮ ಕ್ರೇಟಿನೊಳಗೆ ನೋಡಿದವರೇ, "ಗಂಡಾ? ಉಚ್ಚೆ ಹೋಗಿ ಎಷ್ಟು ಹೊತ್ತಾಯ್ತು?" ಅಂದರು. ಹೊಟ್ಟೆ ಕೆಳಭಾಗ ಒತ್ತಿ ನೋಡಿ ನನ್ನ ಬೆರಳನ್ನೂ ಅಲ್ಲಿಗೆ ಇರಿಸಿದರು. ಒಳಗೆ ಮೂಸಂಬಿ ಹಣ್ಣಿನಷ್ಟು ದೊಡ್ಡ, ಗಟ್ಟಿ ಉಂಡೆ. ಮೂತ್ರಚೀಲ. ಗಂಡುಬೆಕ್ಕಿನ ಮೂತ್ರನಾಳ ತುದಿಗೆ ಹೋದಂತೆ ಬಹಳ ಸಣ್ಣ. ಮೂತ್ರಚೀಲ ಬಾತು, ಲೋಳೆ ಮತ್ತು ಸಣ್ಣ ಸಣ್ಣ ಹರಳು ಸೇರಿ ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತದೆ. ಉಚ್ಚೆ ಹಿಂದಕ್ಕೆ ಒತ್ತಿ ಕಿಡ್ನಿ ನಿಲ್ಲುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುತ್ತದೆ. ಪೂರ್ತಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. "ಗಂಡುಬೆಕ್ಕು ಮುಕ್ಕುತ್ತೆ, ಉಚ್ಚೆ ಬರಲ್ಲ ಅಂದ್ರೆ ನಾಳೆ ನೋಡೋಣ ಅನ್ನೋ ಹಂಗಿಲ್ಲ" ಅಂದರು. ಹಳ್ಳಿಯಲ್ಲಿ ಇರುವವರು ಇದೊಂದನ್ನು ನೆನಪಿಟ್ಟುಕೊಳ್ಳಿ. ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಫೋನ್ ಮಾಡಿ ಕೇಳಿ, ಅದು ಪ್ರಾಣಿಗಳ ಚಿಕಿತ್ಸೆಗೆಂದೇ ಇರುವ ಸಹಾಯವಾಣಿ.

ಮತ್ತು ಬರಿಸಿ, ಸಣ್ಣ ನಳಿಕೆ ಹಾಕಿ, ಸಲೈನ್ ನೀರು ಬಿಟ್ಟು ಬಿಡಿಸಿದರು. ಸಿರಿಂಜಿನಲ್ಲಿ ಬಂದದ್ದು ದಾಸವಾಳದ ಕಷಾಯದ ಬಣ್ಣ. ನಳಿಕೆಗೆ ಹೊಲಿಗೆ ಹಾಕಿ, ನೆಕ್ಕದ ಹಾಗೆ ಕುತ್ತಿಗೆಗೆ ಕೊಳವೆಯಂಥದ್ದು ಕಟ್ಟಿದರು. ಮೂರು ದಿನ ಬೆಳಿಗ್ಗೆ ಸಂಜೆ ಡ್ರಿಪ್ಪಿಗೆ ಕರೆದುಕೊಂಡು ಹೋಗಬೇಕಾಯಿತು.

ಕೆಲಸ ಮಾಡುತ್ತಲೇ ಡಾಕ್ಟರಮ್ಮ ಪ್ರಶ್ನೆ ಕೇಳುತ್ತಿದ್ದರು. ನಾನು ಸುದ್ದಿಗೆ ಕೇಳುವುದಕ್ಕಿಂತ ಚೆನ್ನಾಗಿ ಕೇಳುತ್ತಿದ್ದರು. ಗೋಡೆಗೆ ಬಾಲ ಎತ್ತಿ ನಿಂತುಕೊಂಡು ಚಿಮ್ಮಿಸ್ತಾನಾ, ಕೂತು ಮಾಡ್ತಾನಾ? ನಿಂತು ಚಿಮ್ಮಿಸಿದರೆ ಅದು ಗಡಿ ಗುರುತು ಮಾಡುವುದು, ಬೀಜ ತೆಗೆಸಿದರೆ ಹೆಚ್ಚಿನ ಗಂಡುಗಳಲ್ಲಿ ಕಮ್ಮಿಯಾಗುತ್ತದೆ. ಕೂತು ಮಾಡಿದರೆ ಬೇರೆ ವಿಷಯ. ಕೂತೇ ಮಾಡ್ತಾನೆ ಅಂದೆ. ಹೊರಗೆ ಮಾಡಿದಾಗ ತುಂಬಾ ಇರುತ್ತಾ, ಸ್ವಲ್ಪ ಸ್ವಲ್ಪವಾ? ಸ್ವಲ್ಪ ಸ್ವಲ್ಪ. ಪದೇ ಪದೇ ಹೋಗ್ತಾನಾ? ಹೋಗಿ ಸುಮ್ಮನೆ ಕೂತು ವಾಪಸ್ ಬರ್ತಾನಾ? ಶುರುವಾಗೋಕೆ ಹೊತ್ತಾಗುತ್ತಾ? ರಾತ್ರಿ ಜಾಸ್ತಿನಾ? ಹೂಂ ಹೂಂ ಅಂತ ಹೇಳುತ್ತಾ ಹೋದೆ. ಅಪ್ಪ ಕ್ರೇಟ್ ಹಿಡಿದುಕೊಂಡು ನಿಂತಿದ್ದರು.

"ಟಬ್ಬಿಗೆ ಹೋದಾಗಲೆಲ್ಲ ಉರಿ ಆಗಿರುತ್ತೆ. ಈ ಜಾಗಕ್ಕೆ ಬಂದ್ರೆ ನೋವಾಗುತ್ತೆ ಅಂತ ಅದರ ತಲೇಲಿ ಕೂತುಬಿಡುತ್ತೆ. ಅದಕ್ಕೇ ಮೆತ್ತಗಿರೋ ಬಟ್ಟೆ, ಪೇಪರ್ ಹುಡುಕ್ತಾನೆ. ನಿಮ್ಮ ಮೇಲೆ ಸೇಡು ತೀರಿಸ್ಕೊಳ್ತಿಲ್ಲ" ಅಂದರು.

ಕಾಯಿಲೆ ಯಾಕೆ ಬಂತು ಅಂದರೆ ಇದೇ ಅಂತ ಒಂದೇ ಕಾರಣ ಹೇಳಲು ಆಗುವುದಿಲ್ಲವಂತೆ. ಜಾಗ ಬದಲಾಯಿತು, ಸಾಕಿದವಳು ಇಲ್ಲ, ಹೆದರಿಕೆ. ಬೆಕ್ಕಿಗೆ ಮನಸ್ಸು ಕೆಟ್ಟರೆ ಮೂತ್ರಚೀಲ ಬಾಯುವುದು ಉಂಟು. ಮೇಲೆ ನೀರು ಕಮ್ಮಿ. ಬೆಕ್ಕಿನ ಮೂಲ ಒಣನಾಡಿನ ಕಾಡುಬೆಕ್ಕು, ಅದಕ್ಕೆ ನೀರು ಕುಡಿಯುವ ಚಟವೇ ಕಮ್ಮಿ, ತಿನ್ನುವ ಇಲಿ ಹಕ್ಕಿಯ ಮೈಯಲ್ಲಿರುವ ನೀರಿನಲ್ಲೇ ಬದುಕಿದ ಜಾತಿ. ಊರಲ್ಲಿ ಕೆಂಚನಿಗೆ ಇಲಿಯಿತ್ತು, ಹಾಲನ್ನವಿತ್ತು. ಇಲ್ಲಿ ನಾವು ಪ್ಯಾಕೆಟ್ಟಿನ ಒಣ ಕಾಳು ಹಾಕಿ, ದೊಡ್ಡ ಉಪಕಾರ ಮಾಡಿದ ಹಾಗೆ ಪಕ್ಕದಲ್ಲಿ ಒಂದು ಚಿಪ್ಪು ನೀರಿಟ್ಟಿದ್ದೆವು. ಬೇಸಿಗೆಯಲ್ಲಿ.

ವಾಪಸ್ ಬರುವಾಗ ಆಟೋದಲ್ಲಿ ಅಪ್ಪ ಕ್ರೇಟಿನ ಟವೆಲ್ ಸರಿಮಾಡುತ್ತಾ, ನನ್ನ ಕಡೆ ನೋಡದೆ ಹೇಳಿದರು:

"ಆಯಮ್ಮ ಕೇಳಿದ್ರಲ್ಲ, ನಂಗೂ ಎಲ್ಲ ಹಂಗೇ ಆಯ್ತೈತೆ ಕಣ್ಲಾ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ರಾತ್ರಿ ಐದಾರು ಸಲ ಎದ್ದೇಳ್ತೀನಿ. ಹೋಗಿ ನಿಂತ್ರೆ ಬರಾಕಿಲ್ಲ. ಬಂದು ಮಲೀಕಂಡ್ರೆ ತಡೀಯಾಕಾಗಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಸಿಗೆ ಮೇಲೆ ಆಗಿದ್ದು ಎಲ್ಡ್ ಸಲಾನೂ ಕೆಂಚ ಅಲ್ಲ."

ಆಟೋ ಶಬ್ದದಲ್ಲಿ ಡ್ರೈವರಿಗೆ ಕೇಳಿಸಿರಲಾರದು. ನನಗೆ ನನ್ನ ಮುಂಗೈ ಮೇಲಿನ ಗೆರೆ ಕಾಣುತ್ತಿತ್ತು. ನಾನು ಕೆಂಚನ ಮೂಗನ್ನು ಯಾವ ಒದ್ದೆಗೆ ಉಜ್ಜಿದ್ದೆ ಅನ್ನುವುದು ಗೊತ್ತಾದ ಮೇಲೆ ಏನು ಹೇಳಬೇಕೋ ತಿಳಿಯಲಿಲ್ಲ. ಸಿಟ್ಟೂ ಬಂತು, ಸುಳ್ಳೇನಿಲ್ಲ. ಆದರೆ ಯಾರ ಮೇಲೆ? ಎಪ್ಪತ್ತು ದಾಟಿದ ಮನುಷ್ಯ, ಸೊಸೆ ಇರುವ ಮನೆ, ಹಾಲಿನ ಆಚೆ ಬಚ್ಚಲಮನೆ, ಲೈಟ್ ಹಾಕಿದರೆ ನಮಗೆ ಎಚ್ಚರವಾದೀತು ಅಂತ ಕತ್ತಲಲ್ಲೇ ತಡಕಾಡಿಕೊಂಡು ಹೋಗುತ್ತಿದ್ದರಂತೆ. ಒಂದು ರಾತ್ರಿ ವಾಷಿಂಗ್ ಮಷಿನ್ನಿಗೆ ಮಂಡಿ ಬಡಿಸಿಕೊಂಡದ್ದನ್ನೂ ಆಮೇಲೆ ಹೇಳಿದರು. ಮನೆಗೆ ಬಂದು ಹೆಂಡತಿಗೆ ಹೇಳಿದಾಗ ಅವಳು ಕಣ್ಣು ಒರೆಸಿಕೊಂಡು, "ಊರಲ್ಲಿ ಇಬ್ರಿಗೂ ಹಿತ್ಲಿತ್ತು" ಅಂದಳು, ಮೊದಲ ಕೆಲಸವಾಗಿ ಹಾಲಿಗೆ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬ್ ಹಾಕಿಸಿದಳು.

ಅಪ್ಪನನ್ನು ಆ ವಾರವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಆಯಿತು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿತ್ತು. ವಯಸ್ಸಾದ ಗಂಡಸರಲ್ಲಿ ಇದು ತೀರಾ ಸಾಮಾನ್ಯ. ಕ್ಯಾನ್ಸರ್ ಅಲ್ಲ ಅಂದರು. ಸದ್ಯಕ್ಕೆ ಮಾತ್ರೆ, ಬೇಕಾದರೆ ಮುಂದೆ ಆಪರೇಷನ್. ಬಿಟ್ಟಿದ್ದರೆ ಇಲ್ಲೂ ಪೂರ್ತಿ ಕಟ್ಟಿಕೊಂಡು ಕಿಡ್ನಿಗೆ ಏಟು ಬೀಳುತ್ತಿತ್ತು. ಅಪ್ಪನಿಗೆ ಇದು ಶುರುವಾಗಿ ಎರಡು ವರ್ಷ ಆಗಿತ್ತಂತೆ, ಅಮ್ಮನಿಗೆ ಒಬ್ಬಳಿಗೇ ಗೊತ್ತಿತ್ತು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಿದ್ದರು. ಇದನ್ನೆಲ್ಲ ಬರೆಯಲಾ ಅಂತ ಅಪ್ಪನನ್ನು ಕೇಳಿದೆ. ನಾಲ್ಕು ದಿನ ಉತ್ತರ ಕೊಡಲಿಲ್ಲ. ಆಮೇಲೆ, "ಬರ್ಕ. ಊರಾಗೆ ನನ್ನ ವಾರಿಗೆಯೋರು ಫೋನಾಗೆ ಓದ್ತಾರೆ. ಅವ್ರೂ ಯಾರ್ಗೂ ಹೇಳಿರಾಕಿಲ್ಲ" ಅಂದರು. ಹೆಸರು ಹಾಕಬೇಡ ಅಂದರು. ಹಾಕಿಲ್ಲ.

ಇನ್ನು ಕೆಂಚ. ಔಷಧಿಯಲ್ಲಿ ಉರಿ ಕಮ್ಮಿಯಾಯಿತು, ಆದರೆ ಟಬ್ಬಿನ ಭಯ ಔಷಧಿಯಿಂದ ಹೋಗುವಂಥದ್ದಲ್ಲ. ಡಾಕ್ಟರಮ್ಮ ಹಳೇ ಟಬ್ಬು ಎಸೆದುಬಿಡಿ, ಜಾಗವನ್ನೂ ಬದಲಿಸಿ ಅಂದಿದ್ದರು. ಅದು ಎಷ್ಟು ತಪ್ಪು ಜಾಗ ಅಂತ ಆಗ ಹೊಳೆಯಿತು. ಕೆಂಚ ಕೂತಾಗಲೇ ಮಷಿನ್ ಗಡಗಡ ಅಂದರೆ? ನೀವು ಕೂತಿರುವಾಗ ಬಾಗಿಲು ಬಡಿದ ಹಾಗೆ. ನೆಲ ಯಾವಾಗಲೂ ಒದ್ದೆ. ಟಬ್ಬು ಎತ್ತರ, ಒಳಗೆ ತಿರುಗುವಷ್ಟು ಜಾಗವಿಲ್ಲ. ಮೂಗಿಂದ ಬಾಲದ ಬುಡದವರೆಗಿನ ಉದ್ದಕ್ಕೆ ಒಂದೂವರೆ ಪಟ್ಟಾದರೂ ಇರಬೇಕಂತೆ. ಎಂ-ಸ್ಯಾಂಡ್ ಅಂದರೆ ಕಲ್ಲು ಒಡೆದ ಚೂರು, ಅಂಚು ಚೂಪು. ಬರಿಗಾಲಲ್ಲಿ ಜಲ್ಲಿ ಮೇಲೆ ನಡೆದವರಿಗೆ ಹೇಳಬೇಕಿಲ್ಲ. ಅದೂ ನಾಲ್ಕು ದಿನಕ್ಕೊಮ್ಮೆ ತೆಗೆಯುತ್ತಿದ್ದೆ.

ಅಪ್ಪ ಎಲ್ಲ ಕೇಳಿಸಿಕೊಂಡು, ಒಂದು ದಿನ ಹೇಳದೆ ಕೇಳದೆ ಊರಿನ ಬಸ್ಸು ಹತ್ತಿದರು. ಸಂಜೆ ಎರಡು ಸಿಮೆಂಟ್ ಚೀಲದೊಂದಿಗೆ ಇಳಿದರು. ಒಂದರಲ್ಲಿ ನಮ್ಮ ಹಿತ್ತಿಲ ತೆಂಗಿನ ಪಾತಿಯ ಕೆಮ್ಮಣ್ಣು, ರಾಗಿ ಜರಡಿಯಲ್ಲಿ ಜರಡಿ ಹಿಡಿದದ್ದು. ಇನ್ನೊಂದರಲ್ಲಿ ನಾರಿನ ಫ್ಯಾಕ್ಟರಿ ಹಿಂದೆ ಬಿದ್ದಿರುತ್ತದಲ್ಲ ತೆಂಗಿನ ನಾರಿನ ಪುಡಿ, ಅದು. ನೀರು ಹೀರುವುದರಲ್ಲಿ ಅದನ್ನು ಮೀರಿದ್ದಿಲ್ಲ, ನಮ್ಮ ತಾಲ್ಲೂಕಿನಲ್ಲಿ ಅದಕ್ಕೆ ಬರವೂ ಇಲ್ಲ. ಕಂಡಕ್ಟರ್ ಮಣ್ಣಿಗೂ ಲಗೇಜ್ ಚಾರ್ಜ್ ಹಾಕಿದನಂತೆ.

ಎರಡು ಅಗಲದ ಟ್ರೇ ಮಾಡಿದೆವು. ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ನಾಲ್ಕು ಬೆರಳಷ್ಟು ಬಿಟ್ಟು ಕತ್ತರಿಸಿದರೆ ಆಯಿತು, ಅಂಚಿಗೆ ಬೆಂಕಿ ತೋರಿಸಿ ನುಣುಪು ಮಾಡಿ. ಎರಡರ ಪಾಲು ಮಣ್ಣು, ಒಂದು ಪಾಲು ನಾರಿನ ಪುಡಿ, ಮೂರು ಇಂಚಿನಷ್ಟು ಆಳ. ಒಂದು ಅಪ್ಪನ ಕೋಣೆಯ ಕಿಟಕಿ ಕೆಳಗೆ, ಇನ್ನೊಂದು ಬಾಲ್ಕನಿಯಲ್ಲಿ. ಒಂದೇ ಬೆಕ್ಕಿಗೆ ಎರಡು ಯಾಕೆ ಅಂದರೆ, ಕೆಲವು ಬೆಕ್ಕು ಒಂದಕ್ಕೆ ಒಂದು ಕಡೆ, ಎರಡಕ್ಕೆ ಇನ್ನೊಂದು ಕಡೆ ಹೋಗುತ್ತವೆ. ಕೆಂಚ ಆ ಪೈಕಿ. ಊಟದ ಬಟ್ಟಲು ಟ್ರೇಗಳಿಂದ ದೂರ, ಅಡುಗೆಮನೆಯಲ್ಲಿ. ನೀರು ನಾಲ್ಕು ಕಡೆ. ಮೀನು ಬೇಯಿಸಿದ ನೀರು, ಉಪ್ಪು ಈರುಳ್ಳಿ ಬೆಳ್ಳುಳ್ಳಿ ಏನೂ ಇಲ್ಲದ್ದು, ಅನ್ನಕ್ಕೆ ಕಲಸಿ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತದೆ, ನಮ್ಮ ಸಾರನ್ನ ಹಾಕಬೇಡಿ.

ಮೊದಲ ದಿನ ಕೆಂಚ ಆ ಮಣ್ಣಿನ ಮೇಲೆ ಮಲಗಿದ. ಉಚ್ಚೆ ಹೊಯ್ಯಲಿಲ್ಲ, ಸುಮ್ಮನೆ ಮಲಗಿದ, ಮೂಗನ್ನು ಅದರೊಳಗೆ ತೂರಿಸಿ. ಅಪ್ಪ ಅವನನ್ನು ಏಳಿಸಲಿಲ್ಲ, ನಮ್ಮನ್ನೂ ಆ ಕಡೆ ಬಿಡಲಿಲ್ಲ. ಎರಡನೇ ದಿನ ನಸುಕಿನಲ್ಲಿ ಕೆದರುವ ಸದ್ದು. ಅಪ್ಪ ಹೇಗೂ ಎಚ್ಚರವಾಗಿದ್ದರು. ಬೆಳಿಗ್ಗೆ ನನಗೆ ಕಾಫಿ ಕೊಡುವ ಮೊದಲು ಸೌಟಿನಂಥ ಗರಣಿಯಲ್ಲಿ ಎತ್ತಿ ತೋರಿಸಿದರು, ಒದ್ದೆ ಮಣ್ಣಿನ ಹೆಂಟೆ, ಅಂಗೈಯಷ್ಟು.

ಅಲ್ಲಿಂದ ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳು. ಬಟ್ಟೆ ಬುಟ್ಟಿಗೆ ಇನ್ನೆರಡು ಸಲ ಹೋದ. ಬೈಯಲಿಲ್ಲ, ಬುಟ್ಟಿಗೆ ಮುಚ್ಚಳ ತಂದೆವು. ಹಳೆಯ ಕಲೆಗಳಿಗೆ ಮೊದಲು ವಿನೆಗರ್ ಬೆರೆಸಿದ ನೀರು, ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಗುಡಿಸಿದೆವು, ತಕ್ಕಮಟ್ಟಿಗೆ ಹೋಯಿತು. ಹಾಸಿಗೆಯಂಥದ್ದಕ್ಕೆ ಎನ್‌ಜೈಮ್ ಇರುವ ಕ್ಲೀನರ್ ಅಂತಲೇ ಸಿಗುತ್ತದೆ, ಅದೇ ಬೇಕು. ಕೆಂಚ ಚೇತರಿಸಿಕೊಂಡ ಮೇಲೆ ಬೀಜ ತೆಗೆಸಿದೆವು. ಅಪ್ಪ ಅವತ್ತು ಆಸ್ಪತ್ರೆ ಒಳಗೆ ಬರಲಿಲ್ಲ, ಹೊರಗೆ ಹೊಂಗೆ ಮರದ ಕೆಳಗೆ ಕೂತಿದ್ದರು. ಮಣ್ಣು ಅಂಗಡಿ ಲಿಟರಿನಂತೆ ಗಟ್ಟಿ ಉಂಡೆ ಕಟ್ಟುವುದಿಲ್ಲ, ಹಾಗಾಗಿ ವಾರಕ್ಕೊಮ್ಮೆ ಪೂರ್ತಿ ಬದಲಿಸಬೇಕು, ದಿನಕ್ಕೆರಡು ಸಲ ಎತ್ತಬೇಕು. ಇದು ತಾಪತ್ರಯವೇ. ಮನೆಯಲ್ಲಿ ಬಸುರಿ ಇದ್ದರೆ ಅವರು ಮುಟ್ಟುವುದು ಬೇಡ. ಬೆಕ್ಕಿನ ಹೇಲಿನಿಂದ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿ ಹತ್ತಬಹುದು. ಅದು ಸೋಂಕು ಹಚ್ಚುವಷ್ಟು ಬಲಿಯಲು ಒಂದು ದಿನವಾದರೂ ಬೇಕು, ಹಾಗಾಗಿ ದಿನವೂ ತೆಗೆದರೆ ಅಪಾಯ ಕಮ್ಮಿ. ತೆಗೆದವರು ಕೈ ತೊಳೆಯಲಿ.

ಓನರ್ ಅಮ್ಮನಿಗೆ ತಿಂಗಳು ಮುಗಿಯುವ ದಿನ ನಾನೇ ಹೋಗಿ ಹೇಳಿದೆ, ಬೆಕ್ಕಿಗೆ ಕಾಯಿಲೆ ಇತ್ತು, ವಾಸಿಯಾಗಿದೆ, ಇನ್ನೊಂದು ತಿಂಗಳು ನೋಡಿ ಅಂತ. ಅಪ್ಪನ ವಿಷಯ ಹೇಳಲಿಲ್ಲ. ಅವರು ಮೇಲೆ ಬಂದು, ಕೋಣೆ ಕೋಣೆಗೆ ಹೋಗಿ ಮೂಸಿ ನೋಡಿದರು. ಕಿಟಕಿ ಕೆಳಗಿನ ಟ್ರೇ ನೋಡಿ, "ಇದೇನ್ ಸಸಿ ಹಾಕಿದೀರಾ?" ಅಂದರು. ಅಪ್ಪ, "ಹೂಂ ಕಣವ್ವ" ಅಂದುಬಿಟ್ಟರು. ನಾನು ಬಾಯಿ ಬಿಡುವಷ್ಟರಲ್ಲಿ ಕೆಂಚ ಬಂದು ಅವರ ಮುಂದೆಯೇ ಕೆದರತೊಡಗಿದ. ಓನರ್ ಅಮ್ಮ ನಕ್ಕರು. ಸದ್ಯಕ್ಕೆ ಮನೆ ಇದೆ.

ಅಪ್ಪ ಈಗ ರಾತ್ರಿ ಒಂದೋ ಎರಡೋ ಸಲ ಏಳುತ್ತಾರೆ. ಎದ್ದಾಗ ಟ್ರೇಯನ್ನೂ ನೋಡಿ ಬರುತ್ತಾರೆ. ನಾನು ಡಿ.ಸಿ. ಆಫೀಸಿನಲ್ಲೋ, ಎಲ್ಲೋ ಪ್ರೆಸ್‌ಮೀಟಿನಲ್ಲೋ ಇರುವಾಗ ಫೋನ್ ಬರುತ್ತದೆ. "ಬೆಳಿಗ್ಗೆಯಿಂದ ಎಲ್ಡ್ ಆಯ್ತು, ದೊಡ್ಡವೇ." ನಾನು ಮೆಲ್ಲಗೆ, "ಸರಿ ಅಪ್ಪ. ನಿಂದು?" ಅಂತೀನಿ. "ನಂದೂ ಚೆನ್ನಾಗಾಯ್ತು, ಇಡು" ಅಂತಾರೆ. ಮಣ್ಣು ಮುಗಿಯುತ್ತಾ ಬಂದಿದೆ, ಭಾನುವಾರ ಊರಿಗೆ ಹೋಗಬೇಕು.